ಅಳಿಲನ್ನು ಓಡಿಸಬೇಡಿ, ಹಣ್ಣನ್ನು ಬಚ್ಚಿಡಿ

ಮೈಸೂರಿನಲ್ಲಿ ಮನೆ ಹಿಂದೆ ನಾಲ್ಕು ಹಣ್ಣಿನ ಗಿಡ ಇಟ್ಟುಕೊಂಡವರ ಹತ್ತಿರ ಅಳಿಲಿನ ಮಾತೆತ್ತಿ ನೋಡಿ. ತಲೆಗೊಂದು ಉಪಾಯ ಬರುತ್ತದೆ. ಹಳೇ ಸೀಡಿ ಕಟ್ಟಿ. ಖಾರದ ಪುಡಿ ಎರಚಿ. ನಾಯಿ ಸಾಕಿ. ಬೋನಿಟ್ಟು ಹಿಡಿದು ಚಾಮುಂಡಿ ಬೆಟ್ಟದ ಕಡೆ ಬಿಟ್ಟು ಬನ್ನಿ. ಇನ್ನು ಕೆಲವರು ಪಕ್ಕಕ್ಕೆ ಕರೆದು ಮೆಲ್ಲಗೆ ಇಲಿ ಪಾಷಾಣದ ಹೆಸರು ಹೇಳುತ್ತಾರೆ. ಎಲ್ಲದರ ಗುರಿ ಒಂದೇ, ಅಳಿಲು ಇರಬಾರದು ಅನ್ನೋದು. ನನ್ನ ಪ್ರಕಾರ ದಾರಿ ತಪ್ಪೋದೇ ಅಲ್ಲಿ. ಅಳಿಲು ಹೋಗಲ್ಲ. ಹೋದರೂ ಇನ್ನೊಂದು ಬರುತ್ತದೆ. ನಮಗೆ ಬೇಕಾಗಿರೋದು ಹಣ್ಣು ತಾನೇ? ಹಾಗಾದರೆ ಹಣ್ಣಿನ ಕಡೆ ನೋಡೋಣ.

ನಮ್ಮ ಮನೆ ಬೋಗಾದಿ ಕಡೆ. 40-60ರ ಸೈಟು, ಹಿಂದೆ ಒಂದಿಷ್ಟು ಜಾಗ. ಅದರಲ್ಲೇ ಒಂದು ಸಪೋಟ, ಒಂದು ಸೀಬೆ, ಒಂದು ಸೀತಾಫಲ, ಕಾಂಪೌಂಡಿಗೆ ಒತ್ತಿಕೊಂಡು ದಾಳಿಂಬೆ. ಪರಂಗಿ ತಾನಾಗೇ ಹುಟ್ಟಿದ್ದು. ಇಷ್ಟು ಗಿಡಕ್ಕೆ ಬರುವ ಅಳಿಲುಗಳೇನೂ ನಮ್ಮ ಮನೆಯವಲ್ಲ, ಇಡೀ ಬೀದಿಯವು. ಎದುರು ಮನೆಯ ತೆಂಗಿನಮರದಲ್ಲಿ ಗೂಡು, ಪಕ್ಕದ ಮನೆ ತಾರಸಿಯಲ್ಲಿ ಓಡಾಟ, ಊಟಕ್ಕೆ ನಮ್ಮಲ್ಲಿ.

ಏನು ಮಾಡೋದಕ್ಕೂ ಮುಂಚೆ ಕಳ್ಳ ಯಾರು ಅಂತ ಖಾತ್ರಿ ಮಾಡಿಕೊಳ್ಳಿ. ಇದನ್ನು ಮುಕ್ಕಾಲು ಜನ ಮಾಡಲ್ಲ. ಹಣ್ಣು ಹಾಳಾಗಿದ್ದು ಕಂಡರೆ ಸಾಕು, ಎದುರಿಗೆ ಓಡಾಡುವ ಅಳಿಲಿನ ಮೇಲೆ ಗೂಬೆ ಕೂರಿಸುತ್ತಾರೆ. ಅಳಿಲು ಹಗಲಿನ ಪ್ರಾಣಿ. ಕತ್ತಲಾಗುವ ಮೊದಲೇ ಗೂಡು ಸೇರಿಬಿಡುತ್ತದೆ. ರಾತ್ರಿ ಮಲಗುವಾಗ ಸರಿಯಾಗಿದ್ದ ಹಣ್ಣು ಬೆಳಕು ಹರಿಯುವ ಮುಂಚೆಯೇ ಅರ್ಧ ಆಗಿದ್ದರೆ ಅದು ಬಾವಲಿಯೋ ಇಲಿಯೋ ಇರಬೇಕು. ಬಾವಲಿ ಬಂದು ಹೋಗಿದ್ದರೆ ಮರದ ಕೆಳಗೆ ಜಗಿದು, ರಸ ಹೀರಿ, ಉಗಿದ ನಾರಿನ ಉಂಡೆಗಳು ಸಿಗುತ್ತವೆ. ಗಿಳಿ ಒಂದು ಹಣ್ಣನ್ನು ಪೂರ್ತಿ ತಿನ್ನೋದೇ ಅಪರೂಪ. ಒಂದು ಕಚ್ಚುತ್ತೆ, ಬಿಸಾಡುತ್ತೆ, ಇನ್ನೊಂದಕ್ಕೆ ಹೋಗುತ್ತೆ. ಕುಟ್ರು ಹಕ್ಕಿ, ಪಿಕಳಾರ ಎಲ್ಲ ಸಿಪ್ಪೆ ತೂತು ಮಾಡಿ ಒಳಗಿನ ತಿರುಳನ್ನು ಬಗೆಯುತ್ತವೆ, ತೂತಿನ ಅಂಚು ಒರಟಾಗಿ ಹರಿದಿರುತ್ತದೆ. ಅಳಿಲು ತಿಂದ ಜಾಗ ಬೇರೆ ಥರ. ಹತ್ತಿರ ಹಿಡಿದು ನೋಡಿ, ಮುಂದಿನ ಹಲ್ಲುಗಳ ಗೀರು ಜೊತೆ ಜೊತೆಯಾಗಿ ಬಿದ್ದಿರುತ್ತದೆ, ಸಣ್ಣ ಉಳಿಯಲ್ಲಿ ಕೆತ್ತಿದ ಹಾಗೆ. ದಾಳಿಂಬೆಯಾದರೆ ಒಂದು ಕಡೆ ದುಂಡಗೆ ಬಾಯಿ ತೆಗೆದು, ಒಳಗಿನ ಕಾಳನ್ನೆಲ್ಲ ಖಾಲಿ ಮಾಡಿ, ಬರೀ ಸಿಪ್ಪೆಯ ಬುರುಡೆಯನ್ನು ಕೊಂಬೆಗೆ ಬಿಟ್ಟಿರುತ್ತದೆ. ದೂರದಿಂದ ನೋಡಿದರೆ ಹಣ್ಣು ಹಾಗೇ ಇದೆ ಅನ್ನಿಸಬೇಕು, ಹಾಗೆ.

ಸೀಬೆ ವಿಷಯದಲ್ಲಿ ಇನ್ನೊಬ್ಬ ಕಳ್ಳ ಇದ್ದಾನೆ. ಉದುರಿದ ಸೀಬೆಯನ್ನು ಎರಡು ಹೋಳು ಮಾಡಿ ನೋಡಿ. ಒಳಗೆ ಬಿಳಿ ಹುಳ ಮಿಸುಕಾಡುತ್ತಿದ್ದರೆ ಅದು ಹಣ್ಣು ನೊಣದ ಕೆಲಸ. ನೊಣ ಕಾಯಿಗೆ ಚುಚ್ಚಿ ಮೊಟ್ಟೆ ಇಡುತ್ತದೆ, ಹುಳ ಒಳಗಿಂದ ತಿನ್ನುತ್ತದೆ, ಹಣ್ಣು ಕೊಳೆತು ಬೀಳುತ್ತದೆ. ಅಳಿಲು ಆಮೇಲೆ ಬಂದು ಬಿದ್ದಿದ್ದನ್ನು ಮೂಸಿರುತ್ತದೆ ಅಷ್ಟೆ. ಮಳೆಗಾಲದ ಸೀಬೆಯಲ್ಲಿ ಇದೇ ಜಾಸ್ತಿ. ನಮ್ಮ ಬೀದಿಯ ಮೇಷ್ಟ್ರೊಬ್ಬರು ಅಳಿಲಿಗೆ ಶಾಪ ಹಾಕುತ್ತಾ ಗುಡಿಸಿ ಮೂಲೆಗೆ ತಳ್ಳಿದ್ದ ಸೀಬೆ ರಾಶಿಯಲ್ಲಿ ಹಲ್ಲಿನ ಗುರುತಿದ್ದ ಹಣ್ಣು ಹುಡುಕಬೇಕಾಯಿತು. ಉಳಿದಿದ್ದೆಲ್ಲ ಹುಳ. ಆ ರಾಶಿಯನ್ನು ಹಾಗೇ ಬಿಟ್ಟರೆ ಹುಳಗಳು ಮಣ್ಣಿಗಿಳಿದು ಮತ್ತೆ ನೊಣವಾಗಿ ಏಳುತ್ತವೆ. ಅದಕ್ಕೇ ಬಿದ್ದ ಹಣ್ಣನ್ನು ದಿನಾ ಆರಿಸಿ ಕವರಿಗೆ ಹಾಕಿ ಗಂಟು ಕಟ್ಟಿ ಬಿಸಿಲಲ್ಲಿಡಿ.

ಸರಿ, ಕಳ್ಳ ಅಳಿಲೇ ಅಂತಾಯಿತು ಅಂದುಕೊಳ್ಳೋಣ. ನಮ್ಮ ಕಡೆ ಮನೆ ಸುತ್ತ ಕಾಣೋದು ಮೂರು ಗೆರೆಯ ಅಳಿಲು. ಉತ್ತರ ಭಾರತದ ಊರುಗಳಲ್ಲಿ ಹೆಚ್ಚಾಗಿ ಐದು ಗೆರೆಯದ್ದು. ರಾಮ ಬೆರಳಾಡಿಸಿದ ಕತೆ ನಮ್ಮತ್ತೆಗೆ ಬಹಳ ಇಷ್ಟ. ದಾಳಿಂಬೆ ಹೋದಾಗ ಮಾತ್ರ ಆ ಕತೆ ನೆನಪಾಗಲ್ಲ, ಕೋಲು ಎಲ್ಲಿ ಅಂತ ಕೇಳುತ್ತಾರೆ. ನೂರು ಗ್ರಾಂ ಆಸುಪಾಸು ತೂಗುವ ಪ್ರಾಣಿ ಅದು. ಮುಂದಿನ ಹಲ್ಲು ಸಾಯೋವರೆಗೂ ಬೆಳೆಯುತ್ತಲೇ ಇರುತ್ತದೆ, ಸವೆಸಿಕೊಳ್ಳಲು ಏನಾದರೂ ಕಡಿಯಲೇಬೇಕು. ಆದ್ದರಿಂದಲೇ ವೈರು, ಡ್ರಿಪ್ ಪೈಪು, ಪ್ಲಾಸ್ಟಿಕ್ ಕುಂಡದ ಅಂಚು ಯಾವುದೂ ಉಳಿಯಲ್ಲ. ಬಸುರಿನ ಅವಧಿ ಸುಮಾರು 34 ದಿನ. ಸಾಮಾನ್ಯವಾಗಿ ಒಂದು ಸಲಕ್ಕೆ ಎರಡು ಮೂರು ಮರಿ. ಮರಿ ಪೂರ್ತಿ ಹಾಲು ಬಿಡಲು ಎರಡು ತಿಂಗಳ ಮೇಲೇ ಬೇಕು. ಈ ಲೆಕ್ಕ ಯಾಕೆ ಹೇಳಿದೆ ಅಂದರೆ, ಬೋನಿಟ್ಟು ಒಂದು ತಾಯಿಯನ್ನು ಹಿಡಿದು ದೂರ ಬಿಟ್ಟರೆ ಎಲ್ಲೋ ಸಜ್ಜೆಯ ಮೇಲಿನ ಗೂಡಲ್ಲಿ ಮರಿಗಳು ಹಸಿದು ಸಾಯುತ್ತವೆ. ಯಾರೂ ನೋಡಲ್ಲ. ಆಮೇಲೆ ವಾಸನೆ ಬಂದಾಗ ಗೊತ್ತಾಗುತ್ತದೆ.

ದೂರ ಬಿಡೋದನ್ನು ಜನ ಪುಣ್ಯದ ಕೆಲಸ ಅಂದುಕೊಂಡಿದ್ದಾರೆ. ಸಾಯಿಸಲಿಲ್ಲವಲ್ಲ, ಕಾಡಿಗೆ ಬಿಟ್ಟೆವಲ್ಲ ಅಂತ. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಊರೊಳಗಿನ 38 ಬೂದು ಅಳಿಲುಗಳನ್ನು ಹಿಡಿದು, ರೇಡಿಯೋ ಕಾಲರ್ ಹಾಕಿ, ದೊಡ್ಡ ಕಾಡಿನಲ್ಲಿ ಬಿಟ್ಟು ನೋಡಿದರು. 2004ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ನೂರಕ್ಕೆ 97ರಷ್ಟು ಸತ್ತವು ಇಲ್ಲವೇ ಆ ಕಾಡಿನಿಂದ ಕಾಣೆಯಾದವು. ಅದು ಬೇರೆ ಜಾತಿಯ ಅಳಿಲು, ಬೇರೆ ದೇಶ, ಒಪ್ಪಿದೆ. ಆದರೆ ಬೋಗಾದಿಯ ತಾರಸಿ, ಕೇಬಲ್ಲು, ಸಪೋಟ ಮರ ಬಿಟ್ಟರೆ ಬೇರೇನೂ ಗೊತ್ತಿಲ್ಲದ ಅಳಿಲನ್ನು ಬೆಟ್ಟದ ತಪ್ಪಲಿನ ಕುರುಚಲಲ್ಲಿ ಬಿಟ್ಟರೆ ಅದಕ್ಕೆ ನೀರೆಲ್ಲಿ, ಗೂಡೆಲ್ಲಿ, ಹದ್ದು ಯಾವ ಕಡೆಯಿಂದ ಬರುತ್ತೆ ಅಂತ ಹೇಗೆ ಗೊತ್ತಾಗಬೇಕು? ಇತ್ತ ನಮ್ಮ ಹಿತ್ತಲಲ್ಲಿ ಅದು ಖಾಲಿ ಮಾಡಿದ ಜಾಗಕ್ಕೆ ಪಕ್ಕದ ಬೀದಿಯ ಅಳಿಲು ಬಂದು ಕೂತಿರುತ್ತದೆ. ಲಾಭ ಯಾರಿಗೂ ಇಲ್ಲ.

ಈಗ ಹಣ್ಣಿನ ವಿಷಯ. ನನ್ನ ಮಟ್ಟಿಗೆ ಇದೇ ಮುಖ್ಯ.

ಹಣ್ಣುಗಳಲ್ಲಿ ಎರಡು ಜಾತಿ. ಕಿತ್ತ ಮೇಲೂ ಹಣ್ಣಾಗುವಂಥವು, ಕಿತ್ತ ಮೇಲೆ ಹಣ್ಣಾಗದೇ ಹೋಗುವಂಥವು. ಸಪೋಟ, ಸೀತಾಫಲ, ಮಾವು, ಪರಂಗಿ, ಬಾಳೆ ಮೊದಲ ಗುಂಪು. ಇವು ಮರದಲ್ಲೇ ಹಣ್ಣಾಗಲಿ ಅಂತ ಕಾಯೋದು ಅಳಿಲಿಗೆ ಎಲೆ ಹಾಕಿ ಬಡಿಸಿದಂತೆಯೇ ಸರಿ. ಕಾಯಿ ಬಲಿತ ಕೂಡಲೇ ಕಿತ್ತು ಒಳಗೆ ಅಡೆ ಹಾಕಿಬಿಟ್ಟರೆ ಅಳಿಲಿಗೆ ಆ ಹಣ್ಣಿನ ಸುಳಿವೇ ಸಿಗಲ್ಲ. ಬಲಿಯದ ಕಾಯಿ ಒಗರು, ಸೊನೆ, ಅದಕ್ಕೂ ಬೇಡ. ಎಲ್ಲೋ ಒಂದು ಕಡಿದು ನೋಡಿ ಬಿಸಾಡಬಹುದು, ಅಷ್ಟೆ. ಅದು ಕಾಯೋದು ವಾಸನೆ ಹೊರಡುವ ಹೊತ್ತಿಗೆ.

ಕಷ್ಟ ಇರೋದು ಬಲಿತಿದೆಯೋ ಇಲ್ಲವೋ ಅಂತ ಗುರುತು ಹಿಡಿಯೋದರಲ್ಲಿ. ಸಪೋಟಕ್ಕೆ ನಾನು ಮಾಡೋದು ಹೀಗೆ. ಕಾಯಿಯ ಮೈಮೇಲೆ ಕಂದು ಬಣ್ಣದ ಪುಡಿ ಇರುತ್ತಲ್ಲ, ಹೆಬ್ಬೆರಳಲ್ಲಿ ಉಜ್ಜಿದರೆ ಅದು ಸುಲಭವಾಗಿ ಉದುರಬೇಕು, ಕೆಳಗಿನ ಸಿಪ್ಪೆ ನುಣುಪಾಗಿ ಕಾಣಬೇಕು. ಆಮೇಲೆ ಉಗುರಿನಲ್ಲಿ ಸಣ್ಣದಾಗಿ ಕೆರೆಯಿರಿ. ಒಳಗೆ ಹಸಿರು ಕಂಡರೆ ಇನ್ನೂ ಬಿಡಿ. ಹಳದಿ ಛಾಯೆ ಕಂಡರೆ ಕೀಳಬಹುದು. ತೊಟ್ಟಿನಲ್ಲಿ ಸೊನೆ ಧಾರೆಯಾಗಿ ಸುರಿದರೆ ಅವಸರ ಮಾಡಿದಿರಿ ಅಂತ ಅರ್ಥ, ಬಲಿತ ಕಾಯಲ್ಲಿ ಸೊನೆ ಕಡಿಮೆ. ಕಿತ್ತಮೇಲೆ ತೊಳೆದು, ಸೊನೆ ಒರೆಸಿ, ಒಣಗಿಸಿ ಅಕ್ಕಿ ಡಬ್ಬದಲ್ಲೋ ಭತ್ತದ ಹುಲ್ಲಿನಲ್ಲೋ ಇಟ್ಟರೆ ವಾರದೊಳಗೆ ಹಣ್ಣು. ಒಟ್ಟಿಗೇ ಎಲ್ಲ ಕೀಳಬೇಡಿ. ಸಪೋಟ ಒಂದೇ ಸಲ ಬಲಿಯಲ್ಲ, ಒಂದೇ ಕೊಂಬೆಯಲ್ಲಿ ಹೂವು, ಹೀಚು, ಕಾಯಿ ಮೂರೂ ಇರುತ್ತವೆ.

ಸೀತಾಫಲಕ್ಕೆ ಕಣ್ಣು ನೋಡಬೇಕು. ಕಣ್ಣು ಕಣ್ಣಿನ ನಡುವೆ ಸಂದು ಅಗಲವಾಗಿ, ಅಲ್ಲಿ ತಿಳಿ ಹಳದಿ ಬಣ್ಣ ಬಂದರೆ ಅದೇ ಸಮಯ. ಬೇಗ ಕಿತ್ತರೆ ಕಲ್ಲಾಗಿ ಸುಕ್ಕಾಗುತ್ತದೆ. ಎರಡು ದಿನ ತಡವಾದರೆ ಅಳಿಲು, ಇರುವೆ, ಇಲ್ಲಾ ಬಿರಿದು ನೆಲದ ಪಾಲು. ಇಷ್ಟು ಸೂಕ್ಷ್ಮದ ಹಣ್ಣು ಇನ್ನೊಂದಿಲ್ಲ ಅನ್ನಿಸುತ್ತದೆ ನನಗೆ. ಪರಂಗಿ ಸಲೀಸು, ಕೆಳಗಡೆ ಒಂದು ಹಳದಿ ಗೆರೆ ಮೂಡಿದರೆ ಸಾಕು, ಕಿತ್ತು ಪೇಪರಿನಲ್ಲಿ ಸುತ್ತಿಡಿ. ಮಾವಿಗೆ ತೊಟ್ಟಿನ ಪಕ್ಕದ ಭುಜ ಉಬ್ಬಿ ತೊಟ್ಟು ಗುಳಿ ಬಿದ್ದಂತೆ ಕಾಣಬೇಕು. ರಸಪುರಿ, ಬಾದಾಮಿ ಎರಡಕ್ಕೂ ಇದೇ ಲೆಕ್ಕ. ತೊಟ್ಟು ಸ್ವಲ್ಪ ಉಳಿಸಿಕೊಂಡು ಕೀಳಿ, ಸೊನೆ ಸಿಪ್ಪೆಗೆ ತಗುಲಿದರೆ ಕಪ್ಪಾಗುತ್ತದೆ.

ಸೀಬೆ ನಡುವೆ ನಿಲ್ಲುತ್ತದೆ. ಗಾಢ ಹಸಿರು ಹೋಗಿ ತಿಳಿ ಬಣ್ಣಕ್ಕೆ ತಿರುಗಿದಾಗ ಕಿತ್ತರೆ ಮನೆಯಲ್ಲಿ ಹಣ್ಣಾಗುತ್ತದೆ ನಿಜ, ಆದರೆ ಮರದಲ್ಲೇ ಹಣ್ಣಾದ ಸೀಬೆಯ ರುಚಿ ಬರಲ್ಲ. ನಮ್ಮ ಮನೆಯಲ್ಲಿ ಇದರ ಬಗ್ಗೆ ಎರಡು ಪಕ್ಷ ಇವೆ. ನಾನು ಉಪ್ಪು ಖಾರ ಹಚ್ಚಿ ದೋರೆಗಾಯಿ ತಿನ್ನುವ ಪಕ್ಷ, ಹಾಗಾಗಿ ನನಗೆ ಅಳಿಲಿನ ಜೊತೆ ಜಗಳವೇ ಇಲ್ಲ.

ದಾಳಿಂಬೆ ಮಾತ್ರ ಎರಡನೇ ಗುಂಪು. ಹೂವಿನಿಂದ ಹಣ್ಣಿಗೆ ಐದಾರು ತಿಂಗಳು ಬೇಕು. ಬೇಗ ಕಿತ್ತರೆ ಒಳಗಿನ ಕಾಳು ಬೆಳ್ಳಗೆ ಹುಳಿಯಾಗಿ ಹಾಗೇ ಉಳಿಯುತ್ತದೆ, ಎಷ್ಟು ದಿನ ಇಟ್ಟರೂ ಸಿಹಿಯಾಗಲ್ಲ. ಅದು ಮರದಲ್ಲೇ ಇರಬೇಕು, ಅಳಿಲೂ ಅಲ್ಲೇ ಇರಬೇಕು. ಇಲ್ಲೇ ಮುಚ್ಚೋ ಕೆಲಸ ಬರೋದು. ಎಲ್ಲ ಗಿಡದ ಎಲ್ಲ ಹಣ್ಣಿಗೂ ಚೀಲ ಕಟ್ಟಲು ಹೋದರೆ ಎರಡೇ ದಿನಕ್ಕೆ ಸಾಕಾಗುತ್ತದೆ. ದಾಳಿಂಬೆಗೆ ಕಟ್ಟಿ, ಬೇಕಿದ್ದರೆ ಹಣ್ಣು ನೊಣದ ಕಾಟ ಇರುವ ಸೀಬೆಗೆ ಕಟ್ಟಿ. ಉಳಿದಿದ್ದಕ್ಕೆ ದೋಟಿ ಸಾಕು.

ಚೀಲದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಪ್ಲಾಸ್ಟಿಕ್ ಕವರು ಬೇಡವೇ ಬೇಡ. ಒಳಗೆ ಬೆವರಿ ಹಣ್ಣು ಕೊಳೆಯುತ್ತದೆ, ಬಿಸಿಲಿಗೆ ಬೇಯುತ್ತದೆ. ಕಾಗದದ ಚೀಲ ನೊಣಕ್ಕೆ ಚೆನ್ನಾಗಿ ತಡೆ, ಅಳಿಲಿಗೆ ಮನಸ್ಸು ಬಂದರೆ ಒಂದು ನಿಮಿಷದ ಕೆಲಸ. ಜೊತೆಗೆ ನಮ್ಮೂರಿನ ಜಿಟಿಜಿಟಿ ಮಳೆಗೆ ಕಾಗದ ಮುದ್ದೆಯಾಗಿ ಹಣ್ಣಿಗೆ ಅಂಟುತ್ತದೆ. ಹಳೇ ಪಂಚೆ, ಸೀರೆ ತುಂಡು ಕಟ್ಟುವವರಿದ್ದಾರೆ, ಆ ಬಟ್ಟೆಯನ್ನು ಅಳಿಲು ಹರಿದು ಗೂಡಿಗೆ ಹಾಸಿಕೊಳ್ಳುತ್ತದೆ. ನಗಬೇಡಿ, ನಮ್ಮತ್ತೆಯ ಹಸಿರು ಸೀರೆಯ ಅಂಚು ಎದುರು ಮನೆ ತೆಂಗಿನಮರದಿಂದ ನೇತಾಡಿದ್ದನ್ನು ಬೀದಿಯೆಲ್ಲ ನೋಡಿದೆ.

ಉಳಿಯೋದು ಲೋಹದ ಜಾಲರಿ. ಕಿಟಕಿಗೆ ಹೊಡೆಯುವ ಸೊಳ್ಳೆ ಜಾಲರಿ ಇರುತ್ತಲ್ಲ, ಅದರಲ್ಲಿ ನೈಲಾನ್ ಬೇಡ, ಕಡಿಯುತ್ತದೆ. ಅಲ್ಯೂಮಿನಿಯಂ ಅಥವಾ ಸ್ಟೀಲ್ ಜಾಲರಿ ಕೇಳಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ. ಗೇಣಗಲದ, ಎರಡು ಗೇಣುದ್ದದ ತುಂಡು ತಗೊಂಡು ಮಧ್ಯಕ್ಕೆ ಮಡಚಿ, ಎರಡೂ ಬದಿಯನ್ನು ಎರಡು ಸುತ್ತು ಮಡಿಸಿ ತೆಳುವಾದ ಬೈಂಡಿಂಗ್ ವೈರಿನಿಂದ ಹೊಲಿದರೆ ಚೀಲ ಆಯಿತು. ಮಡಿಕೆ ಒಳಮುಖಕ್ಕೆ ಬರಲಿ. ಕತ್ತರಿಸಿದ ತಂತಿಯ ತುದಿ ಬ್ಲೇಡಿನಷ್ಟು ಹರಿತ, ನಮ್ಮ ಬೆರಳಿಗೂ ಅದರ ಪಾದಕ್ಕೂ. ಕಾಯಿ ನಿಂಬೆಗಾತ್ರ ದಾಟಿದಾಗಲೇ ಹಾಕಿ, ಬೆಳೆಯಲು ಒಳಗೆ ಜಾಗ ಬಿಡಿ. ಜಾಲರಿ ಹಣ್ಣಿಗೆ ಅಂಟಿಕೊಂಡಿದ್ದರೆ ನೊಣ ಆ ಸಂದಿನಿಂದಲೇ ಚುಚ್ಚುತ್ತದೆ. ಬಾಯನ್ನು ತೊಟ್ಟಿಗೆ ಬಿಗಿಯಬೇಡಿ, ಹಿಂದಿನ ಕೊಂಬೆಗೆ ಸೇರಿಸಿ ಕಟ್ಟಿ. ಇಲ್ಲದಿದ್ದರೆ ಗಾಳಿ ಬಂದಾಗ ಚೀಲದ ಭಾರಕ್ಕೆ ಕಾಯಿ ತೊಟ್ಟು ಕಳಚಿ ಬೀಳುತ್ತದೆ. ಒಂದು ಸಲ ಮಾಡಿಟ್ಟರೆ ಹಲವು ಫಸಲಿಗೆ ಬರುತ್ತದೆ.

ಅಷ್ಟು ಪುರುಸೊತ್ತಿಲ್ಲದವರು ಬೇಕರಿಯವರು ಸಿಹಿ ತುಂಬಿಕೊಡುವ ದುಂಡನೆ ಪ್ಲಾಸ್ಟಿಕ್ ಡಬ್ಬಿಯನ್ನು ಬಳಸಬಹುದು. ಮುಚ್ಚಳದಲ್ಲಿ ಒಂದು ಸೀಳು, ತೊಟ್ಟು ಕೂರುವಷ್ಟು. ತಳದಲ್ಲಿ ಮತ್ತು ಪಕ್ಕದಲ್ಲಿ ಕಾಯಿಸಿದ ಮೊಳೆಯಿಂದ ಒಂದಷ್ಟು ತೂತು, ನೀರು ಇಳಿಯಲು, ಗಾಳಿ ಆಡಲು. ನೋಡೋಕೆ ಗಿಡಕ್ಕೆ ಬಲ್ಬು ಹಾಕಿದ ಹಾಗೆ ಕಾಣುತ್ತದೆ ಅನ್ನೋದು ನಿಜ. ಡಬ್ಬಿ ನುಣುಪಾಗಿರುವುದರಿಂದ ಅಳಿಲಿಗೆ ಹಿಡಿತ ಸಿಗಲ್ಲ, ಹಲ್ಲು ಹಾಕಲು ಅಂಚೂ ಸಿಗಲ್ಲ. ಪೂರ್ತಿ ಬಿಸಿಲಿಗೆ ಬೀಳುವ ಕೊಂಬೆಗೆ ಮಾತ್ರ ಇದನ್ನು ಹಾಕಬೇಡಿ.

ಇಡೀ ಗಿಡಕ್ಕೇ ಬಲೆ ಹೊದಿಸುತ್ತೇನೆ ಅನ್ನುವವರಿಗೆ ಒಂದು ಮಾತು. ಮೀನಿನ ಬಲೆಯಂಥ ತೆಳು ನೈಲಾನ್ ದಾರದ ಬಲೆ ದಯವಿಟ್ಟು ಬೇಡ. ಹಕ್ಕಿಯ ಕಾಲು ಸಿಕ್ಕಿಕೊಳ್ಳುತ್ತದೆ. ಅಳಿಲಿನ ಕುತ್ತಿಗೆ ಸಿಕ್ಕಿಕೊಳ್ಳುತ್ತದೆ. ಎಲ್ಲಕ್ಕಿಂತ ಪಾಪ ಕೇರೆ ಹಾವು. ತಲೆ ತೂರಿಸಿ ಮುಂದೆ ಹೋಗುತ್ತದೆ, ಹಿಂದಕ್ಕೆ ಬರಲು ಹೋದರೆ ಹುರುಪೆಗಳು ದಾರಕ್ಕೆ ಸಿಕ್ಕಿಹಾಕಿಕೊಳ್ಳುತ್ತವೆ, ಎಳೆದಷ್ಟೂ ದಾರ ಮೈಗೆ ಇಳಿಯುತ್ತದೆ. ನಮ್ಮ ಹಿಂದಿನ ಬೀದಿಯಲ್ಲಿ ದ್ರಾಕ್ಷಿ ಚಪ್ಪರದ ಬಲೆಯಿಂದ ಒಂದು ಕೇರೆಯನ್ನು ಹಾವು ಹಿಡಿಯುವವರು ಬಂದು ಬಿಡಿಸಿದರು. ದಾರ ಎರಡು ಕಡೆ ಮಾಂಸಕ್ಕೆ ಇಳಿದಿತ್ತು, ಉಗುರು ಕತ್ತರಿಯಲ್ಲಿ ಒಂದೊಂದೇ ಎಳೆ ಕತ್ತರಿಸಬೇಕಾಯಿತು. ಆ ಕೇರೆ ತಿನ್ನೋದು ಇಲಿಯನ್ನ, ಅಂದರೆ ನಮ್ಮದೇ ಕೆಲಸ ಮಾಡಿಕೊಡುವ ಪ್ರಾಣಿ. ಬಲೆ ಬೇಕೇ ಬೇಕು ಅಂದರೆ ಕಿರುಬೆರಳು ತೂರದಷ್ಟು ಸಣ್ಣ ಕಣ್ಣಿನ ಗಟ್ಟಿ ಬಲೆ ತಗೊಂಡು, ಚೌಕಟ್ಟಿಗೆ ಬಿಗಿಯಾಗಿ ಎಳೆದು ಕಟ್ಟಿ, ಜೋಲು ಬೀಳದ ಹಾಗೆ. ಬೆಳಗ್ಗೆ ಸಂಜೆ ಒಂದು ಸುತ್ತು ನೋಡಿ.

ಇನ್ನು ದಾರಿ ಕಡಿಯೋದು. ತೆಂಗಿನ ಮರಕ್ಕೆ ನಯವಾದ ತಗಡು ಸುತ್ತುವುದನ್ನು ಮಂಡ್ಯ ಕಡೆಯವರು ನೋಡಿಯೇ ಇರುತ್ತೀರಿ. ಆಳೆತ್ತರಕ್ಕಿಂತ ಮೇಲೆ, ಒಂದೂಕಾಲು ಅಡಿಗೂ ಹೆಚ್ಚು ಅಗಲದ ತಗಡು ಕಟ್ಟಿದರೆ ಇಲಿ, ಅಳಿಲು ಎರಡಕ್ಕೂ ಕಾಲು ಜಾರುತ್ತದೆ. ಆದರೆ ಮರ ಒಂಟಿಯಾಗಿ ನಿಂತಿರಬೇಕು. ಪಕ್ಕದ ಮರದ ಗರಿ ತಾಕುತ್ತಿದ್ದರೆ ತಗಡು ಶೋಕಿಗೆ ಅಷ್ಟೇ. ಪಾಂಡವಪುರದ ಹತ್ತಿರ ನಮ್ಮ ಚಿಕ್ಕಪ್ಪನ ತೋಟದಲ್ಲಿ ಇದನ್ನು ಹೇಳಿದಾಗ ಅವರು ಎಲೆ ಅಡಿಕೆ ಹಾಕಿಕೊಳ್ಳುತ್ತಾ ಅಂದಿದ್ದು, "ಅಳಿಲು ತಿನ್ನೋದೆಷ್ಟು ಬುಡವ್ವ, ದಲ್ಲಾಳಿ ತಿನ್ನೋದೇ ಜಾಸ್ತಿ." ಅದಕ್ಕೆ ಉತ್ತರ ನನ್ನ ಹತ್ತಿರ ಇರಲಿಲ್ಲ.

ಮೈಸೂರಿನ ಸೈಟುಗಳಲ್ಲಿ ತಗಡಿನಿಂದ ಏನೂ ಆಗಲ್ಲ. ಕಾಂಪೌಂಡ್ ಗೋಡೆ, ತಾರಸಿ, ಕೇಬಲ್ ವೈರು, ಬಟ್ಟೆ ಒಣಹಾಕುವ ತಂತಿ, ಎಲ್ಲವೂ ಅಳಿಲಿಗೆ ರಸ್ತೆಯೇ. ಒಂದು ಬೆಳಗ್ಗೆ ಕಾಫಿ ಹಿಡಿದು ಕೂತು ಅದು ಯಾವ ದಾರಿಯಲ್ಲಿ ಬರುತ್ತೆ ಅಂತ ನೋಡಿ. ದಿನಾ ಅದೇ ದಾರಿ. ಆ ದಾರಿಗೆ ತಾಗುವ ಒಂದೆರಡು ಕೊಂಬೆಯನ್ನು ನಾಲ್ಕೈದು ಅಡಿ ಹಿಂದಕ್ಕೆ ಸವರಿದರೆ ಬರೋದು ಪೂರ್ತಿ ನಿಲ್ಲಲ್ಲ, ಕಡಿಮೆಯಾಗುತ್ತದೆ. ನೆಲದ ಮೇಲೆ ಓಡಿಬರೋಕೆ ಅದಕ್ಕೆ ಭಯ, ಬೆಕ್ಕು ಇರುತ್ತಲ್ಲ. ಸವರೋ ಮುಂಚೆ ಗೂಡಿದೆಯಾ ನೋಡಿ. ತೆಂಗಿನ ನಾರು, ಹತ್ತಿ, ಚಾಪೆಯ ದಾರ, ಸಿಕ್ಕಿದ್ದೆಲ್ಲ ಸೇರಿಸಿ ಮಾಡಿದ ದುಂಡನೆ ಮುದ್ದೆ ಇದ್ದರೆ ಆ ಕೊಂಬೆಯನ್ನು ಮರಿ ದೊಡ್ಡವಾಗುವ ತನಕ ಬಿಟ್ಟುಬಿಡಿ. ಸವರುವ ಕೂಲಿಯವರಿಗೆ ಮೊದಲೇ ಹೇಳಬೇಕು. ಇಲ್ಲಾಂದರೆ ಅವರು ಮೇಲಿಂದ ಕೆಳಗೆ ಬಡಿದುಕೊಂಡು ಬಂದುಬಿಡುತ್ತಾರೆ.

ಮರಿ ಕೆಳಗೆ ಬಿದ್ದಿದ್ದು ಕಂಡರೆ ಒಳಗೆ ತಂದು ಹಾಲು ಕುಡಿಸಲು ಹೋಗಬೇಡಿ. ಹಸುವಿನ ಹಾಲಿಗೆ ಅದಕ್ಕೆ ಭೇದಿ ಹಿಡಿಯುತ್ತದೆ. ಸಣ್ಣ ಬುಟ್ಟಿಯಲ್ಲಿ ಬಟ್ಟೆ ಹಾಸಿ ಅದೇ ಮರಕ್ಕೆ ಬೆಕ್ಕಿಗೆ ಎಟುಕದ ಎತ್ತರದಲ್ಲಿ ಕಟ್ಟಿ ದೂರ ಬನ್ನಿ. ತಾಯಿ ಸುತ್ತಮುತ್ತ ಇದ್ದರೆ ಬಾಯಲ್ಲಿ ಕಚ್ಚಿಕೊಂಡು ಹೋಗುತ್ತದೆ. ಸಂಜೆಯಾದರೂ ಬರದಿದ್ದರೆ, ಮೈ ತಣ್ಣಗಿದ್ದರೆ, ಬೆಚ್ಚಗೆ ಸುತ್ತಿ ಪ್ರಾಣಿ ರಕ್ಷಣೆ ಮಾಡುವವರಿಗೆ ಫೋನ್ ಮಾಡಿ. ಮೈಸೂರಲ್ಲಿ ಅಂಥವರಿದ್ದಾರೆ.

ಬೇರೆ ಉಪಾಯಗಳನ್ನೂ ಬೇಗ ಮುಗಿಸಿಬಿಡುತ್ತೇನೆ. ಸೀಡಿ, ಕನ್ನಡಿ, ಪ್ಲಾಸ್ಟಿಕ್ ಗೂಬೆ ಎಲ್ಲ ಒಂದು ವಾರದ ಆಟ. ಆಮೇಲೆ ಗೂಬೆಯ ತಲೆ ಮೇಲೇ ಕೂತು ಹಣ್ಣು ತಿನ್ನುತ್ತದೆ. ಖಾರದ ಪುಡಿ ಹಕ್ಕಿಗಳಿಗೆ ತಿಳಿಯೋದೇ ಇಲ್ಲ, ಮೆಣಸಿನಕಾಯಿಯ ಖಾರ ಅವಕ್ಕೆ ಉರಿಯಲ್ಲ. ಗಿಳಿ ಹಸಿಮೆಣಸಿನಕಾಯಿ ತಿನ್ನೋದು ನೋಡಿಲ್ವಾ? ಅಳಿಲಿಗೆ ಉರಿಯುತ್ತದೆ ನಿಜ, ಆದರೆ ಪುಡಿ ಪಾದಕ್ಕೆ ಅಂಟಿ, ಅದೇ ಪಾದದಲ್ಲಿ ಮುಖ ಒರೆಸಿಕೊಂಡು ಕಣ್ಣಿಗೆ ಹೋಗುತ್ತದೆ. ಒಂದು ಮಳೆ ಬಂದರೆ ಅದೂ ಇಲ್ಲ. ನುಸಿ ಗುಳಿಗೆ ನೇತುಹಾಕೋದು ತಿನ್ನುವ ಹಣ್ಣಿನ ಪಕ್ಕ ವಿಷ ಇಟ್ಟಂತೆ.

ವಿಷದ ಮಾತು ಬಂತಲ್ಲ. ಅಂಗಡಿಯಲ್ಲಿ ಸಿಗುವ ಇಲಿ ಬಿಲ್ಲೆಗಳಲ್ಲಿ ಸಾಮಾನ್ಯವಾಗಿ ಇರೋದು ಬ್ರೋಮಾಡಿಯೋಲೋನ್. ರಕ್ತ ಹೆಪ್ಪುಗಟ್ಟೋದನ್ನು ಅದು ತಪ್ಪಿಸುತ್ತದೆ. ತಿಂದ ಪ್ರಾಣಿ ತಕ್ಷಣ ಸಾಯಲ್ಲ, ಕೆಲವು ದಿನ ಒಳಗೊಳಗೇ ರಕ್ತ ಸೋರಿ ಸಾಯುತ್ತದೆ. ಆ ದಿನಗಳಲ್ಲಿ ಅದು ಮಂಕಾಗಿ ತೂಕಡಿಸುವಾಗ ಹಿಡಿದು ತಿನ್ನುವ ಬೆಕ್ಕು, ಹದ್ದುಗಳಿಗೂ ವಿಷ ಸೇರುತ್ತದೆ. ಒಂದು ದಾಳಿಂಬೆಗೆ ಇಷ್ಟು ದೊಡ್ಡ ಬಿಲ್ಲು ಯಾಕೆ?

ಅಂಟಿನ ಹಲಗೆ ಇದಕ್ಕಿಂತ ಕ್ರೂರ. ಇಲಿಗೆ ಅಂತ ಸಜ್ಜೆ ಮೇಲೆ, ಕಾಂಪೌಂಡಿನ ಮೇಲೆ ಇಟ್ಟಿದ್ದಕ್ಕೆ ಅಳಿಲು, ಹಲ್ಲಿ, ಪುಟ್ಟ ಹಕ್ಕಿ ಎಲ್ಲ ಬೀಳುತ್ತವೆ. ನಮಗೆ ಎರಡು ಮನೆ ಆಚೆ ಒಂದು ಅಳಿಲು ಹಾಗೆ ಸಿಕ್ಕಿಬಿದ್ದಿತ್ತು. ಹೊಟ್ಟೆ ಪೂರ್ತಿ ಅಂಟಿಕೊಂಡಿತ್ತು, ಬಾಲ ಒಂದೇ ಬಿಡಿ. ಹತ್ತಿರ ಹೋದಾಗೆಲ್ಲ ಕಿರುಚುತ್ತಿತ್ತು. ಎಳೆದರೆ ಚರ್ಮವೇ ಕಿತ್ತು ಬರುತ್ತದೆ, ಎಳೆಯಬಾರದು. ಮುಖಕ್ಕೆ ತೆಳು ಬಟ್ಟೆ ಮುಚ್ಚಿ, ದಪ್ಪ ಕೈಗವಸು ಹಾಕಿಕೊಂಡು, ಅಡುಗೆ ಎಣ್ಣೆಯನ್ನು ಅಂಟು ಮತ್ತು ಮೈ ಸೇರುವ ಜಾಗಕ್ಕೆ ತೊಟ್ಟು ತೊಟ್ಟಾಗಿ ಬಿಡುತ್ತಾ ಬೆರಳಿನಿಂದ ತೀಡಬೇಕು. ನಿಧಾನಕ್ಕೆ ಅಂಟು ಸಡಿಲವಾಗುತ್ತದೆ. ಒಂದು ಕಾಲು ಬಿಟ್ಟಿತು ಅಂದ ತಕ್ಷಣ ಅದು ಒದ್ದಾಡಿ ಮತ್ತೆ ಅಂಟಿಕೊಳ್ಳುತ್ತದೆ, ಹಾಗಾಗಿ ಬಿಟ್ಟ ಕಾಲಿನ ಕೆಳಗೆ ಕೂಡಲೇ ಕಾಗದ ತೂರಿಸಿ. ಬಿಡಿಸಿದ ಮೇಲೆ ಎಣ್ಣೆ ಒರೆಸಿ, ತೂತಿರುವ ರಟ್ಟಿನ ಡಬ್ಬದಲ್ಲಿ ಕತ್ತಲಲ್ಲಿ ಸುಧಾರಿಸಿಕೊಳ್ಳಲು ಬಿಡಿ. ಮೈಯಲ್ಲಿ ಎಣ್ಣೆ ಉಳಿದಿದ್ದರೆ ಚಳಿಗೆ ತಡೆಯಲ್ಲ, ಪಶುವೈದ್ಯರಿಗೋ ರಕ್ಷಣೆಯವರಿಗೋ ತೋರಿಸೋದು ಒಳ್ಳೆಯದು. ಪ್ರಾಣಿಗೆ ಸುಮ್ನೆ ನೋವು ಕೊಡೋದು 1960ರ ಕಾಯ್ದೆಯಲ್ಲಿ ಅಪರಾಧ ಕೂಡ. ಆ ಮನೆಯವರಿಗೆ ನಾನು ಕಾಯ್ದೆ ಹೇಳಲಿಲ್ಲ, ಅಳಿಲಿನ ಹೊಟ್ಟೆ ತೋರಿಸಿದೆ. ಹಲಗೆ ಕಸಕ್ಕೆ ಹೋಯಿತು.

ನೀರು ಇಡಿ. ಮಾರ್ಚ್‌ನಿಂದ ಮಳೆ ಬೀಳುವ ತನಕ ಅಳಿಲು ಡ್ರಿಪ್ ಪೈಪು ಕಡಿಯೋದು, ಕಾಯನ್ನೇ ಕಚ್ಚಿ ನೋಡೋದು ಅರ್ಧ ಬಾಯಾರಿಕೆಗೆ. ಅಗಲ ಮಣ್ಣಿನ ತಟ್ಟೆಯಲ್ಲಿ ಒಂದು ಕಲ್ಲಿಟ್ಟು ನೀರು ಹಾಕಿ, ಸೊಳ್ಳೆ ಆಗದಂತೆ ದಿನಾ ಚೆಲ್ಲಿ ಬೇರೆ ತುಂಬಿ. ನಮ್ಮಲ್ಲಿ ಪೈಪು ಕಡಿಯೋದು ಇದರಿಂದ ಕಡಿಮೆಯಾಗಿದೆ. ಆದರೆ ಕಡಲೆಕಾಯಿ, ಅನ್ನ ಹಾಕಿ ಸಾಕಬೇಡಿ. ಒಂದು ಕಡೆ ಕಡಲೆಕಾಯಿ ಹಾಕಿ ಕರೆಯೋದು, ಇನ್ನೊಂದು ಕಡೆ ಸೀಬೆ ತಿಂತು ಅಂತ ಕಲ್ಲು ಬೀರೋದು, ಅದಕ್ಕೆ ಏನಂತ ಅರ್ಥವಾಗಬೇಕು? ನಮ್ಮ ಸಪೋಟದಲ್ಲಿ ದೋಟಿಗೆ ಎಟುಕದ ಮೇಲಿನ ಕೊಂಬೆಗಳನ್ನು ನಾವು ಮುಟ್ಟೋದೇ ಇಲ್ಲ. ಏಣಿ ಹಾಕಿ ಹತ್ತಿ ಸೊಂಟ ಮುರಿದುಕೊಳ್ಳೋದು ಯಾರು? ಅಲ್ಲಿ ಕುಟ್ರು ಹಕ್ಕಿ, ಅಳಿಲು, ರಾತ್ರಿ ಪಾಳಿಯ ಬಾವಲಿ ಎಲ್ಲರ ಲೆಕ್ಕವೂ ಚುಕ್ತಾ ಆಗುತ್ತದೆ, ಕೆಳಗಿನದ್ದು ನಮಗೆ ಸಾಕು.

ಹೊಸದಾಗಿ ಗಿಡ ನೆಡುವವರು ಇನ್ನೊಂದು ಯೋಚನೆ ಮಾಡಬಹುದು. ದಾಳಿಂಬೆಯನ್ನು ಕಾಂಪೌಂಡಿನಿಂದ ದೂರ, ಕೈಗೆಟಕುವಷ್ಟೇ ಎತ್ತರಕ್ಕೆ ಸವರಿಕೊಂಡು ಬೆಳೆಸಿ. ಚೀಲ ಕಟ್ಟಲು, ಬಿಚ್ಚಲು ಸುಲಭ. ಸಪೋಟ ಎಲ್ಲಿದ್ದರೂ ನಡೆಯುತ್ತದೆ. ಜಾಲರಿ ತರುವಾಗ ಮೂರು ಅಡಿ ಅಗಲದ್ದೇ ಕೇಳಿ. ನಾಲ್ಕು ಅಡಿಯದ್ದನ್ನು ಮನೆ ಕತ್ತರಿಯಲ್ಲಿ ಕತ್ತರಿಸೋಕೆ ಹೋದರೆ ಕತ್ತರಿಯೂ ಹೋಗುತ್ತದೆ, ಮನೆಯಲ್ಲಿ ಬೈ‌ಸಿಕೊಳ್ಳೋದೂ ತಪ್ಪಲ್ಲ.